ಗಡಿಬಿಡಿ, ನಿಧಾನ ಮತ್ತು ಒಂದು ಕುರ್ಚಿ

ನನ್ನ ಕೆಲಸ ಏನೆಂದು ಕೇಳಿದವರಿಗೆ "ಹಳೇ ಸಿನಿಮಾ ರಿಪೇರಿ" ಎನ್ನುತ್ತೇನೆ. ಅಷ್ಟಕ್ಕೇ ಸುಮ್ಮನಾಗುವವರು ಸಜ್ಜನರು. "ಹಂಗಾದ್ರೆ ದಿನಾ ಸಿನಿಮಾ ನೋಡೋದೇ ಕೆಲಸ ಅನ್ನಿ!" ಎಂದು ಹಲ್ಲು ಕಿರಿಯುವವರನ್ನು ಕಂಡರೆ ನನಗೆ ಉರಿದುಹೋಗುತ್ತದೆ. ನಾನು ನೋಡುವುದು ತೂತುಗಳನ್ನು. ಫಿಲ್ಮಿನ ಎರಡೂ ಅಂಚಿಗೆ ಸಾಲಾಗಿ ಸಣ್ಣ ತೂತುಗಳಿರುತ್ತವೆ. ಯಂತ್ರದ ಹಲ್ಲುಗಳು ಅವಕ್ಕೆ ಸಿಕ್ಕಿಕೊಂಡು ಫಿಲ್ಮನ್ನು ಮುಂದಕ್ಕೆ ಎಳೆಯುತ್ತವೆ. ಒಂದೆರಡು ಹರಿದಿದ್ದರೂ ಸಾಕು, ತೆರೆಯ ಮೇಲೆ ಅಳುತ್ತಿದ್ದ ನಾಯಕಿ ಗಕ್ಕನೆ ಕುಣಿದುಬಿಡುತ್ತಾಳೆ. ಅದಕ್ಕೇ ನನ್ನ ಮೇಜಿನ ಮೇಲೆ ಎರಡು ತಟ್ಟೆ, ನಡುವೆ ದೀಪ, ದೀಪದ ಮೇಲೆ ಅಂಗೈಯಗಲದ ಗಾಜು, ಬಲಗಡೆ ಒಂದು ಹಿಡಿ ಇವೆ. ಬಲಗೈಯಲ್ಲಿ ಹಿಡಿ ತಿರುಗಿಸುತ್ತ, ಎಡಗೈ ಬೆರಳಿನಿಂದ ಅಂಚು ಸವರುತ್ತ ಹೋಗಬೇಕು. ಅವಸರ ಮಾಡಿದರೆ ಬೆರಳು ಕೊಯ್ದುಕೊಳ್ಳುತ್ತದೆ. ಇಡೀ ಭೂಮಿಯ ಮೇಲೆ ನಾನು ನಿಧಾನವಾಗಿ ಮಾಡುವ ಕೆಲಸ ಇದೊಂದೇ.

ಉಳಿದಂತೆ ನನ್ನ ಕಾಲಿಗೆ ಚಕ್ರ, ಮೂಗಿನ ತುದಿಯಲ್ಲಿ ಕೋಪ. ಅವಸರದಲ್ಲಿ ದಿನಕ್ಕೊಂದು ಮರೆತುಬರುತ್ತೇನೆ: ಒಂದು ದಿನ ಕೊಡೆ, ಒಂದು ದಿನ ಬೀಗದ ಕೈ, ಬಹಳ ದಿನ ಊಟದ ಡಬ್ಬಿ. ಮನೆಯಲ್ಲಿ ನನ್ನ ಗಂಡ, ಅವರ ತಾಯಿ, ನಾನು. ಅತ್ತೆ ದರ್ಜಿ. ಕಣ್ಣು ಮಂಜಾಗುವವರೆಗೂ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರದಲ್ಲಿ ಊರಿನ ಅರ್ಧ ಮಕ್ಕಳ ಸ್ಕೂಲ್ ಯೂನಿಫಾರಂ ಹೊಲಿದವರು. ಅವರಷ್ಟು ನಿಧಾನದ ಜೀವಿ ಇನ್ನೊಂದಿಲ್ಲ. ಅವರು ಒಂದು ಲೋಟ ನೀರು ಕುಡಿದು ಕೆಳಗಿಡುವಷ್ಟರಲ್ಲಿ ನಾನು ಪಾತ್ರೆ ತೊಳೆದು, ನೆಲ ಒರೆಸಿ, ಗಂಡನ ಜೊತೆ ಒಂದು ಜಗಳವನ್ನೂ ಮುಗಿಸಿರುತ್ತೇನೆ. "ಅತ್ತೆ, ಸ್ವಲ್ಪ ಬೇಗ!" ಎಂದರೆ, "ಬಂದೆ ಕಣಮ್ಮ" ಎನ್ನುತ್ತಾರೆ. ಬರುವುದು ಆಮೇಲಿನ ಮಾತು.

ಇನ್ನು ನಾನು ಕೆಲಸ ಮಾಡುವ ಹಳೇ ಫಿಲ್ಮುಗಳ ಭಂಡಾರ. ತಣ್ಣಗಿನ ಉದ್ದನೆಯ ಕೋಣೆಗಳು, ಕಬ್ಬಿಣದ ರ‍್ಯಾಕುಗಳು, ರ‍್ಯಾಕಿನ ತುಂಬ ತಗಡಿನ ಡಬ್ಬಿಗಳು, ಹಾಳಾಗುತ್ತಿರುವ ಫಿಲ್ಮಿನಿಂದೇಳುವ ಹುಳಿ ವಾಸನೆ. ಆ ವಾಸನೆ ನನ್ನ ಕೂದಲಿಗೂ ಅಂಟಿಕೊಂಡು ಬಸ್ಸಿನಲ್ಲಿ ಜನ ಸರಿದು ಕೂರುತ್ತಾರೆ. ನನಗೆ ಸೀಟು ಸಿಗುತ್ತದೆ, ಬಿಡಿ. ಹಿಂದಿನ ಕೋಣೆಯ ಕೆಳಗಿನ ಸಾಲಿನಲ್ಲಿ ತುಕ್ಕು ಹಿಡಿದ ಒಂದಷ್ಟು ಡಬ್ಬಿಗಳಿದ್ದವು. ಮುಚ್ಚಳದ ಮೇಲೆ ಬರೆದದ್ದು ಇಷ್ಟೇ: "ಗಡಿಬಿಡಿ – ನಿಧಾನ, ಹಾಸ್ಯ." ಅಂಥ ಜೋಡಿಯ ಹೆಸರನ್ನು ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಮಾತಿಲ್ಲದ ಕಾಲದ ಪುಟ್ಟ ಪುಟ್ಟ ಚಿತ್ರಗಳು, ಒಂದೊಂದು ಡಬ್ಬಿಗೆ ಒಂದೊಂದು. ಬೇರೆಲ್ಲೂ ಅವುಗಳ ಇನ್ನೊಂದು ಪ್ರತಿ ಇಲ್ಲ.

ಮೊದಲ ಡಬ್ಬಿಯನ್ನು ಮೇಜಿಗೇರಿಸಿ, ಎಂದಿನಂತೆ ತೂತು ಸವರುತ್ತ ಹಿಡಿ ತಿರುಗಿಸಿದೆ. ಗಡಿಬಿಡಿ ಎಂಬವನು ಮೊಣಕಾಲುದ್ದದ ಕೋಟಿನ ಕುಳ್ಳ. ನಿಂತಲ್ಲಿ ನಿಲ್ಲಲಾರ, ಬಾಗಿಲು ತೆರೆಯುವ ಮೊದಲೇ ಒಳಗೆ ಹೋಗಲು ನೋಡುತ್ತಾನೆ. ನಿಧಾನ ಎಂಬವನು ಉದ್ದ ಮುಖದ, ಉದ್ದ ತೋಳಿನ ಮನುಷ್ಯ. ಅವನಿಗೆ ಲೋಕದಲ್ಲಿ ಯಾವುದಕ್ಕೂ ಅವಸರವಿಲ್ಲ. ಗಡಿಬಿಡಿ ಸಿಟ್ಟಿನಲ್ಲಿ ನಿಧಾನನ ಕೆನ್ನೆಗೆ ಒಂದು ಬಿಗಿಯುತ್ತಾನೆ. ನಿಧಾನ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಾನೆ. ಯೋಚಿಸುತ್ತಾನೆ. ಇದು ಪೆಟ್ಟೇ ಎಂದು ತೀರ್ಮಾನವಾಗುತ್ತದೆ. ಟೋಪಿ ತೆಗೆದು ಧೂಳು ಹೊಡೆದು ಗೂಟಕ್ಕೆ ಹಾಕುತ್ತಾನೆ, ಕೋಟು ಬಿಚ್ಚಿ ಮಡಿಸುತ್ತಾನೆ, ಮಡಿಕೆ ಸರಿಬರಲಿಲ್ಲವೆಂದು ಮತ್ತೆ ಬಿಡಿಸಿ ಮಡಿಸುತ್ತಾನೆ, ತೋಳೇರಿಸುತ್ತಾನೆ, ಕೊನೆಗೆ ಕೈ ಬೀಸುತ್ತಾನೆ. ಅಷ್ಟರಲ್ಲಿ ಗಡಿಬಿಡಿ ಯಾವ ಮಾಯದಲ್ಲೋ ಹೊರಟುಹೋಗಿ, ಆ ಜಾಗಕ್ಕೆ ಪೊಲೀಸ್ ಪೇದೆ ಬಂದು ನಿಂತಿರುತ್ತಾನೆ.

ನಾನು ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಪಕ್ಕದ ಕೋಣೆಯವರು ಅಳುತ್ತಿದ್ದೇನೆಂದುಕೊಂಡು ನೀರು ತಂದುಕೊಟ್ಟರು.

ಆದರೆ ಅದೇ ಚಿತ್ರದ ಕುರ್ಚಿಯ ದೃಶ್ಯದ ಮುಂದೆ ಅದೇನೂ ಅಲ್ಲ. ನಿಧಾನ ಒಂದು ಕುರ್ಚಿಗೆ ಬೆನ್ನು ತಿರುಗಿಸಿ ಕೂರಲು ಶುರುಮಾಡುತ್ತಾನೆ. ಅದೇ ಕ್ಷಣ ಗಡಿಬಿಡಿ ಆ ಕುರ್ಚಿಯನ್ನು ಎಳೆದುಕೊಂಡು ಹೋಗಿ, ಹತ್ತಿ ನಿಂತು, ದೀಪ ಒರೆಸತೊಡಗುತ್ತಾನೆ. ತಿರುಗಿ ನೋಡಿದರೆ ನಿಧಾನ ಇನ್ನೂ ಕೂರುತ್ತಲೇ ಇದ್ದಾನೆ, ಕೆಳಗೆ ಏನೂ ಇಲ್ಲ! ಗಡಿಬಿಡಿಗೆ ಜೀವ ಬಾಯಿಗೆ ಬರುತ್ತದೆ. ಕುರ್ಚಿಯಿಂದ ಹಾರುವಾಗ ಅದರ ಕಾಲು ಮುರಿಯುತ್ತದೆ. ಬೀದಿಗೆ ಓಡುತ್ತಾನೆ, ಪಕ್ಕದ ಮನೆಗೆ ನುಗ್ಗುತ್ತಾನೆ, ಅಲ್ಲಿ ಕೂತಿದ್ದ ಮುದುಕನನ್ನು ಎಬ್ಬಿಸಿ, ಕೈಮುಗಿದು, ಅವನ ಕುರ್ಚಿಯನ್ನು ಹೊತ್ತು ಓಡೋಡಿ ಬಂದು ಸರಿಯಾಗಿ ಕೆಳಗಿಡುತ್ತಾನೆ. ನಿಧಾನ ಕೂರುತ್ತಾನೆ. ಏನೂ ಆಗದವನಂತೆ ಪೇಪರ್ ಬಿಡಿಸುತ್ತಾನೆ. ಅದನ್ನು ನೋಡಿದ ದಿನ ಬಸ್ಸಿನಲ್ಲಿ ನೆನಪಾಗಿ ಒಬ್ಬಳೇ ನಗುತ್ತಿದ್ದೆ. ಜನ ಇನ್ನೂ ದೂರ ಸರಿದರು.

ಹೀಗೆ ನಾನು ಸುಖವಾಗಿದ್ದಾಗ ಸಾಹೇಬರು ಜಾಗದ ವಿಷಯ ಎತ್ತಿದರು. ಸಾಹೇಬರೆಂದರೆ ನಮ್ಮ ಭಂಡಾರದ ಮುಖ್ಯಸ್ಥರು. ಕೆಟ್ಟವರಲ್ಲ, ರ‍್ಯಾಕು ಸಾಲದೆ ತಲೆ ಕೆಡಿಸಿಕೊಂಡವರು. ಯಾರಿಗೂ ಬೇಡವಾದ ಫಿಲ್ಮನ್ನು ಕರಗಿಸಿ ಅದರೊಳಗಿನ ಬೆಳ್ಳಿ ತೆಗೆಯುವವನೊಬ್ಬನಿದ್ದಾನೆ. ಶುಕ್ರವಾರ ಅವನ ಲಾರಿ ಬರುವುದಿತ್ತು. ಹೋಗಬೇಕಾದ ಡಬ್ಬಿಗಳಲ್ಲಿ ನನ್ನ ಜೋಡಿಯೂ ಇತ್ತು. ನಾನು ಕೂಗಾಡಿದೆ. ಸಾಹೇಬರು ಸಮಾಧಾನದಿಂದಲೇ ಹೇಳಿದರು, "ನೋಡಮ್ಮ, ಹಾಸ್ಯ ಅಂದ್ಮೇಲೆ ನಗು ಬರ್ಬೇಕು ತಾನೆ? ಸಮಿತಿಯವರಿಗೆ ತೋರ್ಸೋಣ. ನಕ್ಕರೆ ಇಟ್ಕೊಳ್ಳೋಣ. ಇಲ್ಲಾಂದ್ರೆ ನೀವೂ ಹಟ ಮಾಡ್ಬಾರ್ದು."

"ನಗ್ದೆ ಎಲ್ಲಿಗ್ ಹೋಗ್ತಾರೆ ಸಾರ್! ಹೊಟ್ಟೆ ಹಿಡ್ಕೊಂಡು ಬೀಳ್ತಾರೆ, ನೋಡ್ತಿರಿ," ಎಂದೆ.

ಸೋಮವಾರ ನಮ್ಮ ಪುಟ್ಟ ಸಿನಿಮಾ ಹಾಲಿನಲ್ಲಿ ಪ್ರದರ್ಶನ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕೆಂದು ಹೇಳುವ ಸಮಿತಿಯಲ್ಲಿ ಮೂವರು: ಒಬ್ಬರು ಮೇಷ್ಟ್ರು, ಒಬ್ಬರು ವಕೀಲರು, ಇನ್ನೊಬ್ಬರು ತಮ್ಮ ಹಲ್ಲನ್ನು ಯಾರಿಗೂ ತೋರಿಸದ ಹಲ್ಲಿನ ಡಾಕ್ಟರಮ್ಮ. ಕೆಲಸದವರೆಲ್ಲ ಹಿಂದೆ ಕೂತೆವು. ಯಂತ್ರ ಓಡಿಸುವ ಆಪರೇಟರ್ ಗುಂಡಿ ಒತ್ತಿದ. ಕೆನ್ನೆಯ ಏಟು ಬಂತು, ಹೋಯಿತು. ಕುರ್ಚಿ ಬಂತು, ಹೋಯಿತು. ಒಬ್ಬರೂ ತುಟಿ ಬಿಚ್ಚಲಿಲ್ಲ. ವಕೀಲರು ಕೆಮ್ಮಿದಾಗ ಅದು ನಗುವೇ ಇರಬೇಕೆಂದು ಆಸೆಪಟ್ಟೆ. ಎಲ್ಲಕ್ಕಿಂತ ಘೋರವೆಂದರೆ ನನಗೂ ನಗು ಬರಲಿಲ್ಲ! ಇಬ್ಬರು ಗಂಡಸರು ಇರುವೆಗಳಂತೆ ಸರಭರ ಓಡಾಡಿದರು, ಒಬ್ಬ ಹೊಡೆದ, ಇನ್ನೊಬ್ಬ ತಿರುಗಿ ಹೊಡೆದ, ಮುಗಿಯಿತು. ದೀಪ ಹತ್ತಿದಾಗ ಸಾಹೇಬರು ನನ್ನ ಮುಖ ನೋಡದೆ, "ಶುಕ್ರವಾರ ಹೊರಗಿಡ್ಸಿ," ಎಂದರು.

ಅವಮಾನಕ್ಕೆ ಪಿತ್ತ ನೆತ್ತಿಗೇರಿತ್ತು. ಮೇಜಿಗೆ ಬಂದು ಅದೇ ಫಿಲ್ಮನ್ನು ಏರಿಸಿ, ತೂತು ಗೀತು ನೋಡದೆ, ಹಿಡಿಯನ್ನು ರೊಯ್ಯನೆ ತಿರುಗಿಸಿದೆ. ಎಲ್ಲೋ ನಗುವಿತ್ತಲ್ಲ, ಎಲ್ಲಿ ಹಾಳಾಗಿಹೋಯಿತು ಅದು? ಗಾಜಿನ ಮೇಲೂ ಇರುವೆಗಳೇ ಓಡಿದವು. ಹಾಗಾದರೆ ಇಷ್ಟು ದಿನ ನಾನು ಕಂಡದ್ದೇನು? ನನ್ನ ತಲೆಯೇ ಕೆಟ್ಟಿತ್ತೇ? ಕಣ್ಣಲ್ಲಿ ನೀರು ಬಂತು.

ಆಗ ಬಾಗಿಲಲ್ಲಿ ಅತ್ತೆ. ನಾನು ಮರೆತ ಊಟದ ಡಬ್ಬಿಯನ್ನು ಹಿಡಿದು ಮನೆಯಿಂದ ಬೆಳಿಗ್ಗೆಯೇ ಹೊರಟವರು, ಎಲ್ಲರ ಊಟ ಮುಗಿದ ಮೇಲೆ ತಲುಪಿದ್ದರು.

"ಊಟ ಬಿಟ್ಟು ಯಾರ ಮೇಲೆ ಸಿಟ್ಟು ತೀರಿಸ್ಕೊಳ್ತಿದ್ದೀಯ?" ಎಂದರು.

"ನಿಮಗೆ ಗೊತ್ತಾಗಲ್ಲ ಅತ್ತೆ. ಕೂತ್ಕೊಳ್ಳಿ, ಕೈ ತೊಳ್ಕೊಂಡ್ ಬರ್ತೀನಿ," ಎಂದು ದಡದಡ ಹೋದೆ.

ಮುಖಕ್ಕೂ ನೀರು ಹಾಕಿಕೊಂಡು ತಿರುಗಿ ಬಂದರೆ, ಅತ್ತೆ ನನ್ನ ಸ್ಟೂಲಿನ ಮೇಲೆ ಕೂತು ಹಿಡಿ ತಿರುಗಿಸುತ್ತಿದ್ದಾರೆ! ಕನ್ನಡಕ ಮನೆಯಲ್ಲಿದೆ, ಹತ್ತಿರದ್ದೇನೂ ಅವರಿಗೆ ಕಾಣದು; ಗಾಜಿನ ಕಡೆ ನೋಡುತ್ತಲೂ ಇಲ್ಲ. ಕೈಗೊಂದು ಹಿಡಿ ಸಿಕ್ಕಿದೆ, ತಿರುಗಿಸುತ್ತಿದ್ದಾರೆ, ಕಿಟಕಿಯಾಚೆ ನೋಡುತ್ತಿದ್ದಾರೆ, ಅಷ್ಟೇ. "ಅಯ್ಯೋ, ಅದು ಹರಿದೀತು, ಬಿಡಿ!" ಎನ್ನಲು ಬಾಯಿ ತೆರೆದೆ. ಅವರ ಹೆಗಲ ಮೇಲಿಂದ ಗಾಜು ಕಾಣಿಸಿತು. ನಿಧಾನ ಕೋಟು ಮಡಿಸುತ್ತಿದ್ದ. ಮಡಿಕೆ ಸರಿಬರಲಿಲ್ಲ. ಬಿಡಿಸಿದ. ಮತ್ತೆ ಮಡಿಸಿದ.

ತೆರೆದ ಬಾಯಿಂದ ನಗು ಬಂತು. ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ.

"ಏನಾಯ್ತೇ? ಏನ್ ಮುರ್ದೆ ನಾನು?" ಎಂದು ಅತ್ತೆ ಗಾಬರಿಯಾದರು.

"ಏನೂ ಮುರಿದಿಲ್ಲ ಅತ್ತೆ! ತಿರುಗಿಸ್ತಿರಿ, ನಿಲ್ಲಿಸ್ಬೇಡಿ, ನಿಮ್ಮ ಕೈ ಚಿನ್ನ!"

ನೋಡಿ, ಇಷ್ಟೇ ವಿಷಯ. ಆ ಕಾಲದಲ್ಲಿ ಕ್ಯಾಮೆರಾದವನು ಹಿಡಿಯನ್ನು ಕೈಯಿಂದ ತಿರುಗಿಸಿಯೇ ಚಿತ್ರ ತೆಗೆಯುತ್ತಿದ್ದದ್ದು, ಆರಾಮವಾಗಿ. ತೂತು ಸವರುತ್ತ ನಾನೂ ಅದೇ ಆರಾಮದಲ್ಲಿ ತಿರುಗಿಸುತ್ತಿದ್ದೆ. ನಮ್ಮ ಪ್ರದರ್ಶನದ ಯಂತ್ರವೋ ಮಾತಾಡುವ ಸಿನಿಮಾಕ್ಕೆಂದು ಮಾಡಿದ್ದು, ಮೋಟಾರಿನ ಒಂದೇ ಓಟ, ಎಲ್ಲವನ್ನೂ ಓಡಿಸುತ್ತದೆ. ಭಂಡಾರದಲ್ಲಿ ಇದು ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿದ್ದೂ, ಮೂಕಿ ಚಿತ್ರವೆಂದರೆ ಹಾಗೆಯೇ, ಜನ ಓಡಾಡುತ್ತಾರೆ ಎಂದು ಒಪ್ಪಿಕೊಂಡುಬಿಟ್ಟಿದ್ದೆವು. ಬೇರೆಯವರಿಗಾದರೆ ನಡೆದೀತು. ಆದರೆ ನಿಧಾನನನ್ನೂ ಓಡಿಸಿಬಿಟ್ಟರೆ ಆ ಜೋಡಿಯಲ್ಲಿ ಇನ್ನೇನು ಉಳಿಯಿತು ಹೇಳಿ!

ಸಾಹೇಬರ ಕೋಣೆಗೆ ಹಾರಿಹೋದೆ. "ಸಾರ್, ಇನ್ನೊಂದ್ಸಲ. ಶುಕ್ರವಾರ, ಲಾರಿ ಬರೋ ಹೊತ್ತಿಗೆ. ಆಗ್ಲೂ ನಗ್ಲಿಲ್ಲ ಅಂದ್ರೆ ನಾನೇ ಹೊತ್ಕೊಂಡು ಹೋಗಿ ಲಾರಿಗೆ ಹಾಕ್ತೀನಿ."

ಸಾಹೇಬರು ಹಣೆ ಒತ್ತಿಕೊಂಡು, "ಆಯ್ತು ತಾಯಿ, ಮೊದ್ಲು ಕೂಗೋದ್ ನಿಲ್ಸಿ," ಎಂದರು.

ಫಿಲ್ಮು ಏರಿಸುವಾಗ ಒಂದೆರಡು ಸುತ್ತು ಕೈಯಿಂದ ತಿರುಗಿಸಲು ಪ್ರದರ್ಶನದ ಯಂತ್ರದ ಪಕ್ಕದಲ್ಲೂ ಒಂದು ಹಿಡಿ ಇದೆ. ಆಪರೇಟರ್ ಮೋಟಾರಿನ ಬೆಲ್ಟು ಬಿಚ್ಚಿ, ಗೋಡೆಯ ಎತ್ತರದ ಮೊಳೆಗೆ ತೂಗುಹಾಕಿದ. "ಮೇಡಂ, ಬೆಳಕಿನ ಬಿಸಿ ಜಾಸ್ತಿ. ತಿರುಗ್ತಾ ಇದ್ರೆ ಫಿಲ್ಮಿಗೆ ಏನೂ ಆಗಲ್ಲ. ನಿಂತ್ರೆ ಮಾತ್ರ ಸುಟ್ಟುಹೋಗುತ್ತೆ," ಎಂದ. ನಾನು ತಿರುಗಿಸಿ ನೋಡಿದೆ. ಚೆನ್ನಾಗಿಯೇ ಶುರುವಾಯಿತು. ಆದರೆ ಇಲ್ಲಿ ಬೆರಳು ಕೊಯ್ಯುವ ಭಯವಿಲ್ಲ; ಗಡಿಬಿಡಿ ಓಡತೊಡಗಿದ್ದೇ ತಡ, ನನ್ನ ಕೈಯೂ ಅವನ ಜೊತೆ ಓಡಿತು. "ನಿಧಾನ ಮೇಡಂ, ನಿಧಾನ!" ಎಂದು ಆಪರೇಟರ್ ಬಾಯಿ ಬಡಿದುಕೊಂಡ. ಅವನ ಮೇಲೆ ಸಿಟ್ಟು ಬಂದು ಇನ್ನೂ ಜೋರಾಗಿ ತಿರುಗಿಸಿದೆ. ಅವನು ತಿರುಗಿಸಿದರೆ ಒಮ್ಮೆ ಓಟ, ಒಮ್ಮೆ ತೆವಳಾಟ. ಸರಿ, ಬೇರೆ ದಾರಿಯಿರಲಿಲ್ಲ.

"ನಾನಾ? ಆ ದೊಡ್ಡ ಯಂತ್ರವಾ?" ಎಂದರು ಅತ್ತೆ ಅಂದು ರಾತ್ರಿ ಊಟಕ್ಕೆ ಕೂತಾಗ. ನನ್ನ ಗಂಡ, "ಅಮ್ಮ, ಇವಳು ಮೊದಲನೇ ಸಲ ನಿನ್ನ ನಿಧಾನ ಬೇಕು ಅಂತಿದ್ದಾಳೆ. ಬರೆಸಿಟ್ಕೋ," ಎಂದರು. ಅವರ ಪಾಲಿನ ಬೈಗುಳ ಆಮೇಲೆ ಕೊಟ್ಟೆ.

ಶುಕ್ರವಾರ ಅತ್ತೆ ಚಪ್ಪಲಿಯ ಕೊಕ್ಕೆ ಸಿಕ್ಕಿಸುವಷ್ಟರಲ್ಲಿ ಒಂದು ಬಸ್ಸು ಬಂದು ಹೋಯಿತು. ನಾನು ತುಟಿ ಕಚ್ಚಿಕೊಂಡು ನಿಂತೆ; ಇವತ್ತು ಅವರಿಗೆ "ಬೇಗ" ಎಂದು ಹೇಳುವಂತಿಲ್ಲವಲ್ಲ! ಭಂಡಾರ ಮುಟ್ಟಿದಾಗ ಲಾರಿ ಆಗಲೇ ಬಂದು ನಿಂತಿತ್ತು. ವರಾಂಡದಲ್ಲಿ ನನ್ನ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅವುಗಳ ಮೇಲೆ ಡ್ರೈವರ್ ಚಹಾದ ಲೋಟ ಇಟ್ಟಿದ್ದ. ಅದನ್ನು ಎತ್ತಿ ಅವನ ಕೈಗೇ ಕೊಟ್ಟು ಮುಂದೆ ಹೋದೆ.

ಯಂತ್ರದ ಕೋಣೆ ಇಕ್ಕಟ್ಟು. ಗೋಡೆಯಲ್ಲೊಂದು ಪುಟ್ಟ ಕಿಂಡಿ, ಅದರಾಚೆ ಹಾಲು, ತೆರೆ. ಅತ್ತೆ ಹಿಡಿಯ ಬಳಿ ನಿಂತರು, ಸೆರಗಿನಿಂದ ಕೈ ಒರೆಸಿಕೊಂಡರು. ದೀಪ ಆರಿತು.

"ಹಂಗೇ ಅತ್ತೆ. ಯೂನಿಫಾರಂ ಹೊಲೀತಿದ್ದೀರಿ ಅಂದ್ಕೊಳ್ಳಿ."

"ಅಂಗಿಯೋ ಚಡ್ಡಿಯೋ?"

"ಯಾವ್ದೋ ಒಂದು!"

ತೆರೆಯ ಮೇಲೆ ಗಡಿಬಿಡಿ ಕೆನ್ನೆಗೆ ಬಿಗಿದ. ನಿಧಾನ ಯೋಚಿಸಿದ. ಕತ್ತಲಲ್ಲಿ ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ಟೋಪಿ ಗೂಟಕ್ಕೆ ಹೋಯಿತು. ಕೋಟು ಮಡಿಕೆಯಾಯಿತು, ಬಿಚ್ಚಿತು, ಮತ್ತೆ ಮಡಿಕೆಯಾಯಿತು. ಆಗ ಮೇಷ್ಟ್ರ ಕಡೆಯಿಂದ "ಕ್ಕ್" ಎಂದು ಒಂದು ಸದ್ದು. ಪೇದೆಗೆ ಏಟು ಬಿದ್ದಾಗ ವಕೀಲರು ತೊಡೆ ತಟ್ಟಿಕೊಂಡರು. ನಾನು ಆಪರೇಟರನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಪಾಪ, ಅವನು ಮೂರು ದಿನ ಉದ್ದ ತೋಳಿನ ಅಂಗಿಯನ್ನೇ ಹಾಕಿಕೊಂಡು ಬಂದ.

ಕುರ್ಚಿ ಬಂತು. ನಿಧಾನ ಬೆನ್ನು ತಿರುಗಿಸಿದ, ಮೊಣಕಾಲು ಬಗ್ಗಿಸಿದ. ಗಡಿಬಿಡಿ ಕುರ್ಚಿ ಎಳೆದ. ಹಾಲಿನಲ್ಲಿ ನಗು ಏರಿತು. ಅತ್ತೆ ಇಷ್ಟು ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡಿದ್ದವರು, ಜನ ಯಾಕೆ ಹೀಗೆ ನಗುತ್ತಾರೆಂದು ಕಿಂಡಿಯಲ್ಲಿ ಇಣುಕಿದರು. ನನಗೆ ಇದು ಹೊಳೆದೇ ಇರಲಿಲ್ಲ: ಹತ್ತಿರದ್ದು ಕಾಣದ ಅತ್ತೆಗೆ ದೂರದ್ದು ಲಕ್ಷಣವಾಗಿ ಕಾಣುತ್ತದೆ! ತೆರೆಯ ತುಂಬ ಒಬ್ಬ ಉದ್ದನೆಯ ಮನುಷ್ಯ ಇಲ್ಲದ ಕುರ್ಚಿಯ ಮೇಲೆ ಕೂರುತ್ತಿದ್ದ. ಅತ್ತೆಯ ಹೆಗಲು ಅಲುಗಿತು. ಹೊಟ್ಟೆ ಅಲುಗಿತು. "ಅಯ್ಯೋ, ಇವನ..." ಎಂದರು. ಅಷ್ಟೇ, ನಗು ಒತ್ತರಿಸಿ ಬಂದು ಕೈ ನಿಂತುಹೋಯಿತು.

ನಿಧಾನ ಗಾಳಿಯಲ್ಲಿ ನಿಂತ. ಅಂಡು ಕೆಳಗೆ, ಮೊಣಕಾಲು ಮಡಿಚಿ, ಮುಖದಲ್ಲಿ ಪರಮ ಶಾಂತಿ. ಬೀಳುತ್ತಲೂ ಇಲ್ಲ, ಕೂರುತ್ತಲೂ ಇಲ್ಲ. ಹಾಲಿನ ತುಂಬ ಚಾವಣಿ ಹಾರಿಹೋಗುವಂಥ ನಗು. ಅದು ಚಿತ್ರದಲ್ಲೇ ಇದೆಯೆಂದು ಅವರು ತಿಳಿದರು! ಆದರೆ ತೆರೆಯ ಮೂಲೆಯಲ್ಲಿ ಕಂದು ಬಣ್ಣದ ಒಂದು ಗುಳ್ಳೆ ಎದ್ದಿತ್ತು. ಸುಡುತ್ತಿದೆ!

"ಅತ್ತೇ! ತಿರುಗ್ಸಿ ಅತ್ತೇ!"

"ತಡ್ಯೇ... ಕೈಲಾಗ್ತಿಲ್ಲ..." ಅವರ ಕಣ್ಣಲ್ಲಿ ಧಾರಾಕಾರ ನೀರು.

ಹಿಡಿಯ ಮೇಲಿದ್ದ ಅವರ ಕೈ ಮೇಲೆ ನನ್ನ ಕೈ ಹಾಕಿ ತಳ್ಳಿದೆ. ಫಿಲ್ಮು ಹೊರಟಿತು. ನನ್ನ ಕೈ ಓಡಲು ನೋಡಿತು, ಕೆಳಗಿನ ಕೈ ಅದನ್ನು ಓಡಗೊಡಲಿಲ್ಲ. ಕೆಳಗಿನ ಕೈ ನಗುತ್ತ ನಿಲ್ಲಲು ನೋಡಿತು, ನನ್ನ ಕೈ ಬಿಡಲಿಲ್ಲ. ಹಾಗೇ ಇಬ್ಬರೂ ಅಳುತ್ತ, ನಗುತ್ತ, ಕೊನೆಯವರೆಗೂ ತಿರುಗಿಸಿದೆವು. ಆ ಮುದುಕಿಯ ಮೇಲೆ ನನಗೆ ಆಗ ಉಕ್ಕಿದ ಪ್ರೀತಿಯನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ದೀಪ ಹತ್ತಿತು. ಹಲ್ಲಿನ ಡಾಕ್ಟರಮ್ಮನ ಹಲ್ಲು ಅಷ್ಟೂ ಕಾಣುತ್ತಿತ್ತು, ಒಳ್ಳೆ ಸಾಲು. ವಕೀಲರೊಬ್ಬರನ್ನು ಬಿಟ್ಟು ಎಲ್ಲರೂ ಯಂತ್ರದ ಕೋಣೆಯ ಹೊರಗಿನ ಓಣಿಗೆ ಬಂದು ಮುತ್ತಿಕೊಂಡರು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ, "ಗಾಳೀಲಿ ನಿಲ್ಲಿಸಿದ್ರಲ್ಲ, ಆ ಕಾಲಕ್ಕೇ ಅದನ್ನ ಹೆಂಗ್ ಮಾಡಿದ್ರಮ್ಮ?" ಎಂದರು. ಆಪರೇಟರ್ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

"ಬಹಳ ಕಷ್ಟಪಟ್ಟು ಮಾಡಿದ್ದು ಸಾರ್," ಎಂದೆ.

ಸಾಹೇಬರು ನಕ್ಕು ನಕ್ಕು ಇನ್ನೂ ಬಿಕ್ಕುತ್ತಲೇ ಇದ್ದರು. "ಲಾರಿಯವನಿಗೆ... ಹೋಗೋಕ್ ಹೇಳಿ," ಎಂದರು. "ಡಬ್ಬಿ ಒಳಗೆ ತನ್ನಿ. ಮೇಲಿನ ಸಾಲಲ್ಲಿಡಿ." ಆಮೇಲೆ ಅತ್ತೆಯ ಕಡೆ ತಿರುಗಿ ಕೈಮುಗಿದರು. "ಸುಸ್ತಾಗಿದ್ದೀರಿ ಅಮ್ಮ, ಕೂತ್ಕೊಳ್ಳಿ," ಎಂದು ಗೋಡೆಗೊರಗಿಸಿದ್ದ ಕುರ್ಚಿ ತೋರಿಸಿದರು.

ಅತ್ತೆ ಕುರ್ಚಿಯನ್ನೊಮ್ಮೆ ನೋಡಿಕೊಂಡು, ಬೆನ್ನು ತಿರುಗಿಸಿ, ಕೂರಲು ಶುರುಮಾಡಿದರು. ಆ ಗೂಬೆ ಆಪರೇಟರ್, ಮೊಳೆಯ ಮೇಲಿನ ಬೆಲ್ಟು ತೆಗೆಯಲೆಂದು, ಹಿಂದೆಮುಂದೆ ನೋಡದೆ ಆ ಕುರ್ಚಿಯನ್ನು ಎತ್ತಿಕೊಂಡು ಒಳಗೆ ನಡೆದುಬಿಟ್ಟ! ಅತ್ತೆಯ ಮೊಣಕಾಲು ಆಗಲೇ ಬಗ್ಗಿತ್ತು. ಎಲ್ಲರೂ ಕಲ್ಲಾಗಿ ನಿಂತರು. ನಾನು ಓಡಿದೆ. ಹಾಲಿಗೆ ನುಗ್ಗಿದೆ, ಇನ್ನೂ ಕೂತೇ ನಗುತ್ತಿದ್ದ ವಕೀಲರನ್ನು ಎಬ್ಬಿಸಿದೆ, "ಕ್ಷಮ್ಸಿ ಸಾರ್," ಎಂದೆ, ಅವರ ಕುರ್ಚಿಯನ್ನು ತಲೆಯ ಮೇಲೆ ಹೊತ್ತು, ಬಾಗಿಲಿಗೆ ಒಮ್ಮೆ ತಗುಲಿ, ಓಡೋಡಿ ಬಂದೆ. ಅತ್ತೆ ಇನ್ನೂ ಕೂರುತ್ತಲೇ ಇದ್ದರು. ಕೆಳಗಿಟ್ಟೆ. ಕೂತರು.

ಅತ್ತೆ ಸೆರಗು ಸರಿಮಾಡಿಕೊಂಡು, ಏದುಸಿರು ಬಿಡುತ್ತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾಕೇ ಅಷ್ಟು ಓಡ್ದೆ?" ಎಂದರು. "ನಾನಿನ್ನೂ ಕೂತಿರ್ಲಿಲ್ವಲ್ಲ."